ಹೋದ ವೇಳೆ

ಶಿಡ್ಲಘಟ್ಟದ ಸರ್ಕಾರಿ ಕಾಲೇಜಿನ ಹದಿನಾಲ್ಕನೇ ಕೋಣೆ.
ಮೊದಲು ಆಟದ ಸಾಮಾನು ಇಡುತ್ತಿದ್ದರು,
ಈಗ ಬಾಗಿಲ ಮೇಲೆ 'ಕಲಿಕಾ ನೆರವು ಕೇಂದ್ರ'.
ವಾಲಿಬಾಲ್ ಬಲೆ ಮಾತ್ರ ಮೂಲೆ ಬಿಟ್ಟು ಏಳಲಿಲ್ಲ.

ಒಂದು ಉದ್ದನೆ ರಿಜಿಸ್ಟರು. ಅದರಲ್ಲಿ
ಹೆಸರು, ತರಗತಿ, ವಿಷಯ, ಬಂದ ವೇಳೆ, ಹೋದ ವೇಳೆ.
ಪೆನ್ನನ್ನು ದಾರಕ್ಕೆ ಕಟ್ಟಿದ್ದೇವೆ. ದಾರ ರೇಷ್ಮೆಯದು,
ಯಾರದೋ ಮನೆಯ ಚರಕದಲ್ಲಿ ಉಳಿದದ್ದು.

'ಮುಂದಿನ ತಿಂಗಳು ಸಮಿತಿ ಬರ್ತಾರೆ ಮೇಡಂ,
ಬಳಕೆ ಎಷ್ಟು ಅಂತ ಅಂಕಿಯಲ್ಲಿ ಕೊಡಿ,'
ಎಂದರು ಪ್ರಿನ್ಸಿಪಾಲರು ವೆಂಕಟರವಣಪ್ಪ,
'ಮಾತು ಎಲ್ಲ ಕಾಲೇಜಿನವರೂ ಕೊಡ್ತಾರೆ.'
ನಾನು ಅತಿಥಿ ಉಪನ್ಯಾಸಕಿ, ಸಂಖ್ಯಾಶಾಸ್ತ್ರ.
ನನ್ನನ್ನೂ ಗಂಟೆ ಲೆಕ್ಕದಲ್ಲೇ ಅಳೆಯುತ್ತಾರೆ.

ಸಂಜೆ ಕೂತು ಎಲ್ಲ ಟೈಪು ಮಾಡಿದೆ.
ಭೇಟಿ: ಸಾವಿರದ ಇನ್ನೂರ ಆರು.
ತಲೆ: ಇನ್ನೂರ ಹದಿನಾಲ್ಕು.
ಸರಾಸರಿ: ಎರಡು ಗಂಟೆ ಇಪ್ಪತ್ತೆಂಟು ನಿಮಿಷ.
ಇಷ್ಟು ಹೊತ್ತು ಇಲ್ಲಿ ನಾನೇ ಕೂರುವುದಿಲ್ಲ.
ಎಲ್ಲೋ ತಪ್ಪಿದೆ.

ಸಾಲು ಸಾಲಾಗಿ ಹುಡುಕಿದೆ.
ಚೌಡರೆಡ್ಡಿ ಅಲ್ಲ. ಅವನು ಫ್ಯಾನಿನ ಕೆಳಗೆ ಮಲಗಿ ಹೋಗುವವನು,
ದಿನಕ್ಕೆ ಎರಡೇ ಗಂಟೆ, ಎರಡೂ ಸಹಿ ತಪ್ಪದೆ.
ಕಾಗದದ ಮೇಲೆ ನಮ್ಮ ಅತ್ಯುತ್ತಮ ವಿದ್ಯಾರ್ಥಿ.
ಮುನಿಲಕ್ಷ್ಮಿ ಅಲ್ಲ. ಒಂದೇ ಸಲ, ಹನ್ನೊಂದು ನಿಮಿಷ:
ಋಣಕ್ಕೆ ಋಣ ಗುಣಿಸಿದರೆ ಧನ ಯಾಕೆ ಎಂದಳು,
ಹೇಳಿದೆ, 'ಓ ಅಷ್ಟೇನಾ' ಎಂದು ಎದ್ದು ಹೋದಳು.
ಮತ್ತೆ ಬರುವ ಅಗತ್ಯ ಬೀಳದವಳು,
ಗ್ರಾಫನ್ನು ಕೆಳಗೆ ಎಳೆಯುತ್ತಾಳೆ ಪಾಪ.

ಇನ್ನೊಬ್ಬನಿದ್ದಾನೆ, ಸಾಲೇ ಇಲ್ಲದವನು.
'ದಡ್ಡರ ಕ್ಲಾಸು' ಎಂಬ ಹೆಸರಿಗೆ ಅಂಜಿ
ಬಾಗಿಲವರೆಗೆ ಬಂದು, ನೋಟಿಸು ಓದುವಂತೆ ನಿಂತು,
ಹಳೇ ನೋಟಿಸನ್ನೇ ಪೂರ್ತಿ ಓದಿ ಹೋಗುತ್ತಾನೆ.
ಅವನನ್ನು ಒಂಬತ್ತು ಸಲ ಎಣಿಸಿದ್ದೇನೆ, ಬಾಯಲ್ಲಿ.

ಆಮೇಲೆ ಹಾಳೆ ಉಬ್ಬಿದ ಜಾಗ ಬಂತು. ಮುಬೀನ್ ತಾಜ್.
ನಸುಕಿನಿಂದ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳು,
ದುಪಟ್ಟಾಕ್ಕೆ ಒರೆಸಿಕೊಂಡರೂ ಒದ್ದೆ.
ಅವಳ ಸಹಿಯ ಕೊನೆಯಕ್ಷರ ಯಾವತ್ತೂ
ಶಾಯಿ ಹರಡಿದ ನೀಲಿ ಕಲೆ.

ಒಮ್ಮೆ ಸರಾಸರಿ ಹೇಳಿಕೊಡುತ್ತಿದ್ದೆ. ಎರಡು ಸಲ ಹೇಳಿದೆ.
ಮೂರನೇ ಸಲಕ್ಕೆ ಅವಳೇ,
'ರೆಂಡಿಟ್ಟಾ ಥರಾನಾ ಮಿಸ್?
ಒಂದು ಕೇಜಿ ನೂಲಿಗೆ ಎಷ್ಟು ಕೇಜಿ ಗೂಡು ಅಂತ?
ಎಂಟಾದ್ರೆ ಅಬ್ಬಾ ಸುಮ್ಮನಿರ್ತಾರೆ,
ಒಂಬತ್ತಾದ್ರೆ ಗೂಡನ್ನ ಬೈತಾರೆ.
ಗೂಡು ಒಂದೊಂದೂ ಒಂದೊಂದು ಥರ ಮಿಸ್,
ಬೈಗುಳ ಮಾತ್ರ ಲಾಟಿಗೆಲ್ಲ ಒಂದೇ.'
ಅವತ್ತಿನ ಸಾಲಿನಲ್ಲಿ, ವಿಷಯ: ಸರಾಸರಿ.
ಕಲಿತವರು ಯಾರು ಅನ್ನೋ ಕಾಲಂ ನಾವು ಹಾಕಿಲ್ಲ.

ಜನವರಿ ಒಂಬತ್ತು. ಬಂದ ವೇಳೆ ಎರಡೂ ಹತ್ತು.
ಹೋದ ವೇಳೆ ಖಾಲಿ.
ಅವತ್ತು ಅವಳ ತಮ್ಮ ಓಡಿ ಬಂದಿದ್ದ,
ಅಬ್ಬಾ ಕೈ ಸುಟ್ಟುಕೊಂಡಿದ್ದಾರೆ ಎಂದು.
ಅವಳು ಹೋದ ಮೇಲೂ ಪೆನ್ನು ತೂಗುತ್ತಿತ್ತು.
ಆ ಕೈಯ ಜಾಗದಲ್ಲಿ ಈಗ ಅವಳ ಕೈ.

ಕಂಪ್ಯೂಟರಿಗೆ ಇದು ಯಾರು ಹೇಳಬೇಕು?
ಖಾಲಿ ಮನೆ ಕಂಡು ಇವತ್ತಿನವರೆಗೆ ಎಣಿಸಿದೆ:
ಎರಡು ಸಾವಿರದ ಇನ್ನೂರ ಹನ್ನೆರಡು ಗಂಟೆಯಿಂದ
ಮುಬೀನ್ ತಾಜ್ ಹದಿನಾಲ್ಕನೇ ಕೋಣೆಯಲ್ಲೇ ಇದ್ದಾಳೆ.

'ಐದು ಗಂಟೆ ಅಂತ ಹಾಕ್ಬಿಡಿ ಮೇಡಂ,
ಎಲ್ಲರೂ ಅದನ್ನೇ ಹಾಕೋದು,' ಎಂದ ಗುಮಾಸ್ತ ಪಿಳ್ಳಪ್ಪ.

ಹಾಕಿದೆ. ಸರಾಸರಿ ಮೂವತ್ತೆಂಟು ನಿಮಿಷಕ್ಕೆ ಇಳಿಯಿತು.
ಸಮಿತಿಯವರು ನೋಡುವುದು ಅದನ್ನೇ.
ರಿಜಿಸ್ಟರಿನ ಮನೆಗೆ ಮಾತ್ರ ಪೆನ್ನು ತಾಗಿಸಲಿಲ್ಲ,
ದಾರ ಅಲ್ಲಿವರೆಗೂ ಎಟುಕುತ್ತಿತ್ತು.

ಚೌಡರೆಡ್ಡಿ ಎದ್ದು, ಕಣ್ಣುಜ್ಜಿ,
ಆರೂ ಹದಿನೈದು ಎಂದು ಬರೆದ.
'ಲೈಟ್ ಆಫ್ ಮಾಡ್ಲಾ ಮಿಸ್? ಯಾರೂ ಇಲ್ವಲ್ಲ?'

ಇರಲಿ ಬಿಡೋ, ಎಂದೆ.